ಬೀಪಾತುಮ್ಮನ ಮನೆಯ ಶವರ್ ಬಚ್ಚಲು

ಬಚ್ಚಲು ಕಟ್ಟಿದವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮನೆ ನೋಡಲು ಬಂದ ನೆಂಟರು ಜಗಲಿಯ ಕಂಬ ನೋಡುತ್ತಾರೆ, ಚಾವಡಿಯ ನೆಲ ನೋಡುತ್ತಾರೆ, ಮೇಸ್ತ್ರಿ ಯಾರು ಎಂದು ಕೇಳುತ್ತಾರೆ. ಬಚ್ಚಲಿಗೆ ಹೋದವರು ಮಿಂದು, ಟವೆಲು ಹೆಗಲಿಗೆ ಹಾಕಿಕೊಂಡು ಬರುತ್ತಾರೆ, ಅಷ್ಟೇ. ನೀರು ನಿಂತರೆ ಮಾತ್ರ ಮೇಸ್ತ್ರಿಯ ಹೆಸರು, ಅವನ ಅಪ್ಪನ ಹೆಸರು ಎಲ್ಲ ಹೊರಗೆ ಬರುತ್ತದೆ. ಈ ಕೆಲಸಕ್ಕೆ ಇಳಿಯುವ ಹುಡುಗರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹೊಗಳಿಕೆ ಬೇಕಿದ್ದರೆ ಕಂಬ ಕಟ್ಟಿ.

ನಾನು ಬಾಬು. ಎಪ್ಪತ್ತರ ದಶಕದಲ್ಲಿ ಕರಣೆ ಹಿಡಿದು ಪುತ್ತೂರು, ಸುಳ್ಯ, ಕಡಬದ ಸುತ್ತ ಗಾರೆ ಕೆಲಸ ಮಾಡಿಕೊಂಡು ಬಂದವನು. ನಮ್ಮ ಕೆಲಸದಲ್ಲಿ ನಿವೃತ್ತಿಯ ಆದೇಶ ಬರುವುದು ಮೊಣಕಾಲಿನಿಂದ. ನನಗೂ ಬಂತು. ಈಗ ದರ್ಬೆಯ ಕಡೆ ಹೋದರೆ ಟೈಲ್ಸ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಡಬ್ಬದಲ್ಲಿ ಅಂಟು ಬರುತ್ತದೆ, ಡಬ್ಬದಲ್ಲಿ ಬಣ್ಣ ಬರುತ್ತದೆ, ನೀರು ಸೋರದ ಹಾಗೆ ಬಳಿಯುವುದೂ ಡಬ್ಬದಲ್ಲೇ ಬರುತ್ತದೆ. ಒಳ್ಳೆಯದೇ ಆಯಿತು. ನಮ್ಮ ಕಾಲವೇ ಚಿನ್ನ ಎಂದು ಹೇಳಲು ನಾನು ಕೂತಿಲ್ಲ. ಬಿಸಿ ಡಾಂಬರು ಬಳಿದು ಕೈ ಸುಟ್ಟುಕೊಂಡವನಿಗೆ ಅಂಥ ಆಸೆಯೇನೂ ಇರುವುದಿಲ್ಲ. ಆದರೆ ಒಂದು ಬಚ್ಚಲಿನ ಕಥೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಕಡಬದ ಬೀಪಾತುಮ್ಮ ಎಂಬ ತಾಯಿಯ ಮಗಳು ಹೆರಿಗೆಗೆ ತವರಿಗೆ ಬರುತ್ತಾಳೋ ಇಲ್ಲವೋ ಎನ್ನುವುದು ಆ ಬಚ್ಚಲಿನ ಮೇಲೆ ನಿಂತಿತ್ತು. ಅಂಥ ಕೆಲಸ ನನಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಅದಕ್ಕಿಂತ ಮೊದಲು ನಮ್ಮ ಐತಪ್ಪ ಮೇಸ್ತ್ರಿಯ ಪರಿಚಯ ಆಗಬೇಕು. ನನಗೆ ಕೆಲಸ ಕಲಿಸಿದವರು ಅವರು. ಕುಳ್ಳಗಿನ ಆಸಾಮಿ, ಮೂಗಿನ ತುದಿಯಲ್ಲೇ ಕೋಪ, ಬಾಯಲ್ಲಿ ಸದಾ ವೀಳ್ಯ. ಅವರ ಹೆಸರು ಇದ್ದದ್ದು ಕಾವಿ ನೆಲಕ್ಕೆ. ಕೆಂಪು ಕಾವಿ ಹಾಕಿ, ಉರುಟು ಕಲ್ಲಿನಿಂದ ಉಜ್ಜಿ ಉಜ್ಜಿ ನೆಲವನ್ನು ಎಷ್ಟು ನಯ ಮಾಡುತ್ತಿದ್ದರೆಂದರೆ, ಮಾಡಿನ ಹಂಚುಗಳನ್ನು ನೆಲದಲ್ಲಿ ನೋಡಿ ಎಣಿಸಬಹುದಿತ್ತು. "ಕನ್ನಡಿ ಐತಪ್ಪ" ಎಂದು ಜನ ಕರೆಯುತ್ತಿದ್ದರು. ಅವರಿಗೆ ಅದು ಬಿರುದು. ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲು ಬಗ್ಗಿ ಆ ಮನೆಯ ನೆಲ ನೋಡಿ "ಥೋ" ಎನ್ನುವವರು.

ಶವರ್ ಎನ್ನುವುದು ನಮ್ಮ ಕಡೆಗೆ ಬಂದದ್ದು ಸ್ವಲ್ಪ ತಡವಾಗಿ. ಹಂಡೆಯಲ್ಲಿ ನೀರು ಕಾಯಿಸಿ, ಚೆಂಬಿನಲ್ಲಿ ತೋಡಿ ಮೀಯುವವರಿಗೆ ಮೇಲಿನಿಂದ ನೀರು ಬೀಳಬೇಕೆಂದು ಯಾಕೆ ಅನ್ನಿಸುತ್ತದೆ ಹೇಳಿ. ನಾವು ಮೊದಲ ಶವರ್ ಬಚ್ಚಲು ಕಟ್ಟಿದ್ದು ಸಂಪಾಜೆಯಲ್ಲಿ, ಒಂದು ಎಸ್ಟೇಟಿನ ರೈಟರಿಗೆ. ಮಡಿಕೇರಿಯ ಹೋಟೆಲೊಂದರಲ್ಲಿ ಅವರು ಅದರ ಕೆಳಗೆ ಒಮ್ಮೆ ನಿಂತಿದ್ದರಂತೆ, ಅಂದಿನಿಂದ ಅದೇ ಹುಚ್ಚು.

ಅಲ್ಲೇ ನಾನು ಹಾಸು ಹಾಕುವುದನ್ನು ಕಲಿತದ್ದು. ಶವರಿನ ಅಡಿಯ ಗಾರೆ ಹಾಸಿನ ಗುಟ್ಟು ಇಷ್ಟೇ: ನಾಲ್ಕು ಗೋಡೆಯಿಂದಲೂ ನೆಲ ನೀರು ಹೋಗುವ ತೂಬಿನ ಕಡೆಗೆ ಇಳಿಯಬೇಕು, ಆದರೆ ನಿಂತವನ ಕಾಲಿಗೆ ಇಳಿಜಾರು ಗೊತ್ತಾಗಬಾರದು. ಸಿಮೆಂಟಿಗೆ ಹೊಯಿಗೆ, ಅಂದರೆ ಮರಳು, ಕಲಸುವಾಗ ನೀರು ಹೆಚ್ಚಾದರೆ ಹಾಸು ನಿಲ್ಲುವುದಿಲ್ಲ, ಗಂಜಿಯ ಹಾಗೆ ಜಾರಿ ತೂಬಿನ ಹತ್ತಿರ ಕೂಡಿಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ಹಾಸು ಗಟ್ಟಿಯಾದ ಮೇಲೆ ಐತಪ್ಪಣ್ಣ ಒಂದು ಕೊಡ ನೀರು ಚೆಲ್ಲಿ, ಮೇಲೆ ಒಂದು ಹಿಡಿ ಭತ್ತದ ಉಮಿ ಎರಚುತ್ತಿದ್ದರು. ಉಮಿ ತೇಲುತ್ತಾ ಹೋಗಿ ತೂಬಿನ ಬಾಯಲ್ಲಿ ಸೇರಿದರೆ ಸರಿ. ಎಲ್ಲಾದರೂ ನಿಂತು ಸುತ್ತ ಹೊಡೆದರೆ ಅಲ್ಲಿ ಕುಳಿ ಉಂಟು ಎಂದು ಲೆಕ್ಕ. ರಸಮಟ್ಟವೂ ಅವರ ಚೀಲದಲ್ಲಿ ಇರುತ್ತಿತ್ತು. ಆದರೆ ಕೊನೆಯ ಮಾತು ಉಮಿಯದ್ದೇ.

ಸಂಪಾಜೆಯಲ್ಲಿ ಉಮಿ ಸರಿಯಾಗಿಯೇ ಹೋಯಿತು. ರೈಟರು ಹೊಸ ಟವೆಲು ಉಟ್ಟು ಒಳಗೆ ಹೋಗಿ ತಿರುಪು ತಿರುಗಿಸಿದರು. ಬುಸ್ ಎಂದು ಗಾಳಿ ಬಂತು. ನೋಡಿದರೆ, ನೀರಿನ ಟಾಂಕಿ ಗುಡ್ಡದ ಬದಿಯಲ್ಲಿ ಎತ್ತರ ಕಂಡರೂ ಶವರಿನ ಬಾಯಿಗಿಂತ ಕೆಳಗೆ ಇತ್ತು. ಘಟ್ಟದ ಬುಡದಲ್ಲಿ ಕಣ್ಣಳತೆ ನಂಬಿದರೆ ಹೀಗೆಯೇ. ಟಾಂಕಿ ಕಟ್ಟಿದ್ದು ನಾವಲ್ಲ, ಆದರೂ ಬೈಗುಳದಲ್ಲಿ ನಮಗೂ ಪಾಲು ಸಿಕ್ಕಿತು. ಐತಪ್ಪಣ್ಣ ಕರಣೆ ತೊಳೆಯುತ್ತಾ, "ನಮ್ಮ ಹಾಸು ಸರಿ ಉಂಟು ರೈಟರೇ. ನೀರು ಬಂದಿದ್ದರೆ ಹೋಗ್ತಿತ್ತು" ಎಂದರು.

ಪೆರಾಬೆಯ ಮತ್ತಾಯಿ ಚೇಟನ ಕಥೆ ಇನ್ನೊಂದು ಬಗೆ. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು, ಕೈ ದೊಡ್ಡದು, ಮನಸ್ಸೂ ದೊಡ್ಡದು. ಅವರಿಗೆ ಶವರ್ ಬಚ್ಚಲು ಕಟ್ಟಿ ಕೊಟ್ಟು ಬಂದ ಸ್ವಲ್ಪ ಸಮಯಕ್ಕೆ ಜನ ಕಳಿಸಿದರು. ಹೋದರೆ ಬಾಗಿಲಲ್ಲೇ, "ವೆಳ್ಳಂ ಹೋಗುದಿಲ್ಲ ಮೇಸ್ತ್ರಿ, ನೀರು ನಿಲ್ತದೆ. ನೀವು ಪೈಪು ಹಾಕಿದ್ದಾ, ಇಲ್ಲ ಹಾಕಿದ ಹಾಗೆ ಮಾಡಿದ್ದಾ?" ಎಂದು ಕೇಳಿದರು. ಐತಪ್ಪಣ್ಣನ ಮುಖ ಅವರ ನೆಲಕ್ಕಿಂತ ಕೆಂಪಾಯಿತು. ಪೈಪಿನ ಹೊರಗಿನ ಬಾಯಿಯಲ್ಲಿ ಕೈ ಹಾಕಿ ನೋಡಿದರೆ ಏನೋ ಮೆತ್ತಗೆ ಸಿಕ್ಕಿತು. ಇಬ್ಬರೂ ಹಿಡಿದು ಎಳೆದೆವು. ಬೆಳ್ಳಗಿನ, ಉರುಟಾದ, ಪೈಪಿನಷ್ಟೇ ಉದ್ದದ ರಬ್ಬರಿನ ಹಾವು ಹೊರಗೆ ಬಂತು. ಮನೆಯವರು ರಬ್ಬರ್ ಹಾಲಿನ ಬಾಲ್ದಿಗಳನ್ನೆಲ್ಲ ಶವರಿನ ಕೆಳಗೆ ತೊಳೆಯುತ್ತಿದ್ದರು, ಮೇಲಿನಿಂದ ನೀರು ಬೀಳುವಾಗ ಸುಲಭ ಅಲ್ಲವೇ. ಹಾಲು ಪೈಪಿನೊಳಗೆ ಹೆಪ್ಪುಗಟ್ಟಿ ಕೂತಿತ್ತು. ಚೇಟ ಅದನ್ನು ಬಿಸಾಡದೆ ಬಿಸಿಲಿಗೆ ಹಾಕಿದರು, ಮಾರಲಿಕ್ಕೆ ಆಗುತ್ತದಂತೆ. ಬಚ್ಚಲು ಕಟ್ಟುವ ಮೊದಲು ಅಲ್ಲಿ ಏನೆಲ್ಲ ತೊಳೆಯುತ್ತೀರಿ ಎಂದು ಕೇಳುವ ಬುದ್ಧಿ ನಮಗೆ ಬಂದದ್ದು ಅಲ್ಲಿಂದ.

ಆದರೂ ಕಡಬದಲ್ಲಿ ಆ ಪ್ರಶ್ನೆ ಕೇಳಲು ಐತಪ್ಪಣ್ಣನಿಗೆ ಮರೆತೇ ಹೋಯಿತು. ಎಂಬತ್ತರ ದಶಕದ ಮೊದಲ ವರ್ಷಗಳು. ಕಡಬದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿಯೊಬ್ಬರ ಮನೆಯನ್ನು ಐತಪ್ಪಣ್ಣ ಹಿಂದೆ ಕಟ್ಟಿಕೊಟ್ಟಿದ್ದರು. ಅವರು ತೀರಿಹೋದ ಮೇಲೆ ಮನೆ ನೋಡಿಕೊಳ್ಳುತ್ತಿದ್ದದ್ದು ಅವರ ಹೆಂಡತಿ ಬೀಪಾತುಮ್ಮ. ಅವರ ಮಕ್ಕಳ ಹಾಗೆ ನಾವೂ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದೆವು. ಮಗ ಹಮೀದ್ ದುಬೈಯಲ್ಲಿ. ಮಗಳು ಜಮೀಲಳನ್ನು ಮಂಗಳೂರಿಗೆ ಮದುವೆ ಮಾಡಿ ಕೊಟ್ಟಿದ್ದರು.

ಜಮೀಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಆಯಿತು, ಎಲ್ಲ ಸುಸೂತ್ರ. ಬಾಣಂತಿಗೆ ನಲ್ವತ್ತು ದಿನದ ತನಕ ಮೈಗೆ ಎಣ್ಣೆ ಹಚ್ಚಿ, ಸೊಪ್ಪು ಹಾಕಿ ಕುದಿಸಿದ ನೀರನ್ನು ಕೊಡಗಟ್ಟಲೆ ಹೊಯ್ದು ಮೀಯಿಸುವುದು ನಮ್ಮ ಕಡೆ ಎಲ್ಲ ಜಾತಿಯಲ್ಲೂ ಉಂಟು. ಮೀಯಿಸಲು ಆಯಿಸು ಎಂಬ ಹೆಂಗಸು ಬರುತ್ತಿದ್ದಳು. ಹೊಸ ಮನೆ ಕಟ್ಟುವಾಗ ಹಿಂದೆ ಹಾಗೇ ಉಳಿಸಿದ್ದ ಹಳೆಯ ಬಚ್ಚಲಿನಲ್ಲಿ, ಅಜ್ಜನ ಕಾಲದ ಚಪ್ಪಡಿ ಕಲ್ಲಿನ ಮೇಲೆ, ಜಮೀಲ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರು ಬಿಚ್ಚುವ ತನಕ ಮಗುವನ್ನು ಅವಳ ಮೊಲೆಗೆ ಇನ್ನೊಬ್ಬರು ಹಿಡಿಯಬೇಕಾಗಿತ್ತು. ಹಸಿದು ಅಳುವ ಮಗುವನ್ನು ತಾನೇ ಎತ್ತಿಕೊಳ್ಳಲಾಗದೆ ಅವಳು ಅತ್ತದ್ದನ್ನು ಉಮ್ಮ ನಮಗೆ ಹೇಳಿದರು.

ಈಗ ಜಮೀಲ ಎರಡನೆಯ ಬಸುರಿ. ತವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಗಂಡನ ಮನೆಯವರು ಒಳ್ಳೆಯವರು, ಅಲ್ಲೇ ಆಗಲಿ ಎಂದಿದ್ದರು. "ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ ಮೇಸ್ತ್ರಿ. ಹೆದರಿಕೆ" ಎಂದರು ಉಮ್ಮ. "ಸಿಟ್ಟಾದರೆ ನಾನು ಹೋಗಿ ಸಮಾಧಾನ ಮಾಡ್ತಿದ್ದೆ. ಹೆದರಿಕೆಗೆ ಎಂತ ಮಾಡುದು? ಮಗಳು ಹೆರುವಾಗ ನಾನು ಇಲ್ಲಿ ಒಬ್ಬಳೇ ಕೂತು ಎಂತ ಮಾಡ್ಲಿ?"

ಅಣ್ಣ ಹಮೀದನಿಗೆ ವಿಷಯ ತಿಳಿದು, ದುಬೈಯಿಂದ ಊರಿಗೆ ಬರುವವರೊಬ್ಬರ ಕೈಯಲ್ಲಿ ಹೊಳೆಯುವ ಶವರು, ಹಿತ್ತಾಳೆಯ ತೂಬಿನ ಮುಚ್ಚಳ ಎಲ್ಲ ಕಳಿಸಿದ್ದ. ಮನೆಯೊಳಗೇ, ಅಳಿಯ ಬಂದರೆ ಮಲಗುವ ಕೋಣೆಗೆ ತಾಗಿ ಹೊಸ ಬಚ್ಚಲು ಆಗಬೇಕು. ಕಟ್ಟಿದ ಮೇಲೆ ಒಮ್ಮೆ ಬಂದು ನೋಡುತ್ತೇನೆ ಎಂದು ಜಮೀಲ ಒಪ್ಪಿದ್ದಳು. ಬಂದು ನೋಡುತ್ತೇನೆ, ಅಷ್ಟೇ. ಉಮ್ಮನಿಗೆ ಅಷ್ಟು ಮಾತೇ ದೊಡ್ಡದು.

ಐತಪ್ಪಣ್ಣ ಮನಸ್ಸಿಟ್ಟು ಕೆಲಸ ಮಾಡಿದರು. ಮುರಕಲ್ಲಿನ ಕೆಂಪು ಚೂರು ತುಂಬಿಸಿ, ಧಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಗೋಡೆಗೆ ತೇವ ಏರದ ಹಾಗೆ ಡಾಂಬರು ಬಳಿದು, ಮೇಲೆ ಗಾರೆ ಹಾಸು ಹಾಕಿ, ನೀರು ಕೋಣೆಗೆ ಬಾರದ ಹಾಗೆ ಬಾಗಿಲಲ್ಲಿ ಸಣ್ಣ ಕಟ್ಟೆ ಎಬ್ಬಿಸಿದರು. ಉಮಿ ನೆಟ್ಟಗೆ ತೂಬಿಗೆ ಹೋಯಿತು. ಆಮೇಲೆ ಕಾವಿ. ಉಜ್ಜಿದರು, ಮತ್ತೂ ಉಜ್ಜಿದರು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಆಯಿಸು ಒಮ್ಮೆ ಇಣುಕಿ, "ಮೇಸ್ತ್ರಿ, ಇದಕ್ಕೆ ಎಣ್ಣೆ ಬಿದ್ದರೆ ಹೇಗೆ?" ಎಂದು ಕೇಳಿದಳು. ಐತಪ್ಪಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಶವರಿನ ಪ್ರತಿಬಿಂಬ ನೆಲದೊಳಗೆ ತಲೆಕೆಳಗಾಗಿ ಕಂಡಿತು. ನನ್ನ ಕಣ್ಣಿಗೆ ಅದು ಅವರ ಜೀವಮಾನದ ಕೆಲಸ. ಅವರಿಗೂ ಹಾಗೆಯೇ ಅನ್ನಿಸಿರಬೇಕು, ಅದನ್ನು ನೋಡುತ್ತಾ ಕೂತಲ್ಲೇ ಮೂರು ಸಲ ವೀಳ್ಯ ಹಾಕಿದರು.

ಜಮೀಲ ಬಂದಳು, ಮೊದಲ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು. ಬಾಡಿಗೆ ಕಾರು ಅಂಗಳದಲ್ಲಿ ನಿಂತಿತು, ಡ್ರೈವರಿಗೆ ಸಂಜೆಯೊಳಗೆ ಹಿಂದೆ ಹೋಗಬೇಕೆಂದು ಮೊದಲೇ ಹೇಳಿ ಇಟ್ಟಿದ್ದಳು. ತಲೆಯ ಬಟ್ಟೆ ಸರಿ ಮಾಡಿಕೊಂಡು, ಮೆಲ್ಲ ನಡೆದುಕೊಂಡು ಬಂದು ಬಚ್ಚಲಿನ ಬಾಗಿಲಲ್ಲಿ ನಿಂತಳು. ಕೆಳಗೆ ನೋಡಿದಳು. ಅವಳ ಮುಖ, ತುಂಬಿದ ಹೊಟ್ಟೆ ಎಲ್ಲ ನೆಲದಲ್ಲಿ ಕಾಣುತ್ತಿತ್ತು. ಕಾಲು ಎತ್ತಿದವಳು ಹಾಗೆಯೇ ಹಿಂದಕ್ಕೆ ಇಟ್ಟಳು.

"ಚೆಂದ ಉಂಟು ಮೇಸ್ತ್ರಿ," ಎಂದಳು. "ಆದರೆ ನಾನು ಇದರಲ್ಲಿ ಕಾಲಿಡುದಿಲ್ಲ."

"ಯಾಕೆ ಮಗಳೇ?" ಎಂದರು ಐತಪ್ಪಣ್ಣ.

"ಒಣಗಿರುವಾಗಲೇ ನೀರು ನಿಂತ ಹಾಗೆ ಕಾಣ್ತದೆ. ಇನ್ನು ಎಣ್ಣೆ ಬಿದ್ದರೆ ದೇವರೇ ಗತಿ. ನಂಗೆ ಆಗುದಿಲ್ಲ."

ಉಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದರು. ಐತಪ್ಪಣ್ಣನಿಗೆ ಮಾತ್ರ ಮಂಡೆ ಬಿಸಿ ಆಯಿತು. ಜಮೀಲ ಲಂಗ ಹಾಕಿಕೊಂಡು ಓಡಾಡುವಾಗಿನಿಂದ ಅವರಿಗೆ ಗೊತ್ತು, ಅವಳ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ. "ನನ್ನ ನೆಲದಲ್ಲಿ ಇಷ್ಟರ ತನಕ ಒಬ್ಬರೂ ಬಿದ್ದದ್ದಿಲ್ಲ," ಎಂದರು. "ಉಮ್ಮಾ, ಸ್ವಲ್ಪ ತೆಂಗಿನೆಣ್ಣೆ ತನ್ನಿ. ನಾನು ತೋರಿಸ್ತೇನೆ."

"ಬೇಡ ಮೇಸ್ತ್ರಿ. ನಿಮಗೂ ಪ್ರಾಯ ಆಯ್ತು," ಎಂದರು ಉಮ್ಮ.

"ಪ್ರಾಯ ಆದದ್ದು ನಂಗೆ. ನೆಲಕ್ಕಲ್ಲ."

ಆಯಿಸು ಮುಸಿಮುಸಿ ನಗುತ್ತಾ ಎಣ್ಣೆ ತಂದುಕೊಟ್ಟಳು. ಐತಪ್ಪಣ್ಣ ಎರಡೂ ಅಂಗಾಲಿಗೆ ಹಚ್ಚಿಕೊಂಡು, ನನ್ನ ಹತ್ತಿರ ಎರಡು ಚೆಂಬು ನೀರು ಹೊಯ್ಯಿಸಿ, ಗೋಡೆ ಹಿಡಿಯದೆ ಒಳಗೆ ಹೋದರು. ನಡುವಿನಲ್ಲಿ ನಿಂತರು. ನಿಂತದ್ದು ಹೌದು. "ನೋಡಿದ್ರಾ?" ಎಂದು ನಮ್ಮ ಕಡೆ ತಿರುಗಿದರು. ಆ ತಿರುಗುವುದೊಂದು ಬೇಡವಾಗಿತ್ತು. ಎರಡೂ ಕಾಲು ಒಟ್ಟಿಗೆ ಮೇಲೆ ಬಂದು ಮೇಸ್ತ್ರಿ ದಡ್ ಎಂದು ಅಂಡಿನ ಮೇಲೆ ಕೂತರು.

ಮೊದಲು ಮಾತಾಡಿದವಳು ಜಮೀಲ. ಬಾಗಿಲ ದಾರಂದ ಗಟ್ಟಿ ಹಿಡಿದುಕೊಂಡು, "ಕೈ ನೋಡಿ, ಕೈ. ಕೈ ಊರಿದ್ರಾ?" ಎಂದು ಕೇಳಿದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಕೈಗೆ ಎಂತ ಆಗ್ಲಿಲ್ಲ ಮಗಳೇ," ಎಂದರು ಐತಪ್ಪಣ್ಣ. "ಆದದ್ದು ಹೇಳುವ ಜಾಗದಲ್ಲಿ ಅಲ್ಲ."

ಏಳಲು ಹೋದರು, ಮತ್ತೆ ಜಾರಿ ಕೂತರು. ನಾನು ಹಿಡಿಯಲು ಹೋಗಿ ಕಟ್ಟೆಯ ಹತ್ತಿರವೇ ಮೊಣಕಾಲೂರಿದೆ. ಆಯಿಸುವಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಉಮ್ಮನೂ ನಕ್ಕರು, ಕೊನೆಗೆ ಜಮೀಲಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಐತಪ್ಪಣ್ಣ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತಮ್ಮ ನೆಲದ ಮೇಲೆ ಕೂತಲ್ಲೇ ಕೂತು, ಅಂಗೈಯಿಂದ ಆ ನಯವನ್ನು ಒಮ್ಮೆ ಸವರಿದರು.

"ಮಗಳೇ," ಎಂದರು, "ಆವತ್ತು ನೀನು ಹೇಗೆ ಬಿದ್ದದ್ದು? ಸರಿ ಹೇಳು."

ಜಮೀಲ ಹೇಳಿದಳು. ನಿಂತಾಗ ಅಲ್ಲ, ನಡೆಯುವಾಗಲೂ ಅಲ್ಲ. ಮಿಂದಾದ ಮೇಲೆ ಮಣೆಯಿಂದ ಏಳುವಾಗ, ಹಿಮ್ಮಡಿಗೆ ಭಾರ ಹಾಕಿದಳಂತೆ, ಆಗ ಹಿಮ್ಮಡಿ ಮುಂದೆ ಹೋಯಿತು. "ಈಗಲೂ ಕೂತಲ್ಲಿಂದ ಏಳುವಾಗ ಆ ಕ್ಷಣ ಬರ್ತದೆ ಮೇಸ್ತ್ರಿ. ಮಂಚದಿಂದ ಏಳುವಾಗಲೂ ಬರ್ತದೆ."

ಐತಪ್ಪಣ್ಣ ತಲೆಯಾಡಿಸಿದರು. ನನ್ನ ಕಡೆ ನೋಡಿ, "ಬಾಬು, ಉಳಿ ಸುತ್ತಿಗೆ ತಾ" ಎಂದರು.

ಉಮ್ಮ ಬೇಡ ಬೇಡ ಎಂದರು, ಇಷ್ಟು ಚೆಂದದ್ದನ್ನು ಒಡೆಯಬೇಡಿ, ಬೇಕಿದ್ದರೆ ಗೋಣಿ ಹಾಸುವ ಎಂದರು. ಗೋಣಿಯ ಮೇಲೆ ಬಾಣಂತಿಯನ್ನು ಕೂರಿಸಿದರೆ ಗೋಣಿಯೂ ಬಾಣಂತಿಯೂ ಒಟ್ಟಿಗೆ ಜಾರುವುದು ಎಂದು ಆಯಿಸು ಹೇಳಿದಳು. ಮೊದಲ ಪೆಟ್ಟು ಐತಪ್ಪಣ್ಣನೇ ಹಾಕಿದರು. ಕಾವಿಯ ಮೇಲೆ ಬಿಳಿ ಗೆರೆ ಎದ್ದಾಗ ನನಗೆ ನಿಜಕ್ಕೂ ಸಂಕಟ ಆಯಿತು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಜಮೀಲ ಕಾರು ಹತ್ತುವ ಮೊದಲು, "ಇನ್ನೊಂದು ಸಲ ಬರ್ತೇನೆ. ಅದು ಕೊನೆ. ಆಮೇಲೆ ದಾರಿ ಪ್ರಯಾಣ ನಂಗೆ ಆಗ್ಲಿಕ್ಕಿಲ್ಲ" ಎಂದಳು. ಉಮ್ಮ ಗೇಟಿನ ತನಕ ಹೋದವರು ಕಾರಿನ ಸದ್ದು ಹೋದ ಮೇಲೂ ಅಲ್ಲೇ ನಿಂತಿದ್ದರು.

ಒಡೆದದ್ದು ಮೇಲಿನ ಚರ್ಮವನ್ನು ಮಾತ್ರ. ಅಡಿಯ ಹಾಸಿಗೆ, ಅದರ ಇಳಿಜಾರಿಗೆ ಏನೂ ಆಗಲಿಲ್ಲ. ಹುಡುಗರೇ, ಅಡಿ ಸರಿ ಇದ್ದರೆ ಮೇಲಿನದ್ದನ್ನು ನೂರು ಸಲ ಬದಲಾಯಿಸಬಹುದು, ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ಆದರೆ ಮೇಲೆ ಏನು ಹಾಕುವುದು ಎಂದೇ ನಮಗೆ ತಿಳಿಯಲಿಲ್ಲ. ನಯ ಮಾಡುವುದರಲ್ಲಿ ಐತಪ್ಪಣ್ಣನನ್ನು ಮೀರಿಸುವವರಿಲ್ಲ. ದೊರಗು ಮಾಡುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟರ ತನಕ ಅದನ್ನು ಅವರಿಂದ ಯಾರೂ ಕೇಳಿರಲಿಲ್ಲ. ಅಂಗಳದ ಮೂಲೆಯಲ್ಲಿ ಸಣ್ಣ ಸಣ್ಣ ತುಂಡು ಹಾಕಿ ನೋಡಿದೆವು. ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಗೀರಿದೆವು. ಅದು ಒಣಗಿದ ಮೇಲೆ ಆಯಿಸು ಹಿಮ್ಮಡಿ ಉಜ್ಜಿ ನೋಡಿ, "ಬಾಣಂತಿಯ ಚರ್ಮ ಮೆತ್ತಗೆ ಇರ್ತದೆ ಮಾರಾಯ್ರೆ, ಇದು ತೆಂಗಿನಕಾಯಿ ತುರಿಯುವ ಹಾಗೆ ಉಂಟು" ಎಂದಳು. ನೂಲು ಒತ್ತಿ ಚೌಕ ಚೌಕ ಗೆರೆ ಹಾಕಿದೆವು. ಕಾಲು ನಿಂತಿತು, ಆದರೆ ಅಡ್ಡ ಗೆರೆಯಲ್ಲಿ ಎಣ್ಣೆನೀರೂ ನಿಂತಿತು. ದಿನ ಹೋಗುತ್ತಾ ಇತ್ತು. ಉಮ್ಮ ದಿನಾ ಚಹಾ ತಂದು ಇಟ್ಟು ಏನೂ ಕೇಳದೆ ಹೋಗುತ್ತಿದ್ದರು. ಕೇಳಿದ್ದರೆ ನಮಗೆ ಸುಲಭ ಆಗುತ್ತಿತ್ತು.

ಬಿದ್ದ ಪೆಟ್ಟಿನಿಂದ ಐತಪ್ಪಣ್ಣನಿಗೆ ಸರಿಯಾಗಿ ಕೂರಲು ಆಗುತ್ತಿರಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ ಮಗ್ಗುಲಾಗಿ ಮಲಗುತ್ತಿದ್ದರು. ಕೇದಗೆಯಂಥ ಮುಂಡೇವಿನ ಗರಿ ಸೀಳಿ ನೇಯ್ದ ಚಾಪೆ, ನಮ್ಮ ಕಡೆ ಎಲ್ಲ ಮನೆಯಲ್ಲೂ ಇದ್ದದ್ದೇ. ಒಂದು ಮಧ್ಯಾಹ್ನ ಅವರು ನಿದ್ದೆಯಿಂದ ಎದ್ದು, ವೀಳ್ಯದ ಚೀಲಕ್ಕೆ ಕೈ ಹಾಕಿ ನನ್ನ ಕಡೆ ತಿರುಗಿದರು. ಅವರ ಎಡಗೆನ್ನೆಯ ಮೇಲೆ ಚಾಪೆಯ ನೇಯ್ಗೆ ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಓರೆ ಓರೆ ಸಣ್ಣ ಮನೆಗಳು, ಒಂದು ಏರು, ಒಂದು ತಗ್ಗು.

"ಐತಪ್ಪಣ್ಣ," ಎಂದೆ, "ನಿಮ್ಮ ಕೆನ್ನೆ ಮುಟ್ಟಿ ನೋಡಿ."

"ಎಂತ, ಇರುವೆಯಾ?"

"ಅಲ್ಲ. ನೆಲ."

ಅವರು ಕೆನ್ನೆ ಸವರಿದರು. ಚಾಪೆ ಸವರಿದರು. ಮತ್ತೆ ಕೆನ್ನೆ ಸವರಿದರು. "ಬಾಬು," ಎಂದರು ಮೆಲ್ಲಗೆ, "ಇದು ತೂಬಿನ ಕಡೆಗೆ ಓರೆ ಇಟ್ಟರೆ ನೀರು ನಿಲ್ಲುದಿಲ್ಲ ಅಲ್ವಾ?" ನಾನು ನಕ್ಕುಬಿಟ್ಟೆ. ಆ ಮುಖದಲ್ಲಿ ಅಷ್ಟು ಗಂಭೀರ ಮಾತು ಬಂದರೆ ನಗದೆ ಇರುವುದು ಹೇಗೆ?

ಜಗಲಿಯ ಆ ಚಾಪೆಯನ್ನೇ ಕೇಳಿ ಪಡೆದು ಹಸಿ ಗಾರೆಯ ತುಂಡಿನ ಮೇಲೆ ಒತ್ತಿದೆವು. ಬಳಸಿ ಬಳಸಿ ಸವೆದಿತ್ತು, ಅಚ್ಚು ಮಸುಕಾಗಿ ಬಂತು. ಹೊಸ ಚಾಪೆ ಬೇಕು, ಯಾರಾದರೂ ನೇಯುವವರಿದ್ದಾರಾ ಎಂದು ಉಮ್ಮನಲ್ಲಿ ಕೇಳಿದೆವು. ಉಮ್ಮ ಒಳಗೆ ಹೋಗಿ ಸುರುಳಿ ಸುತ್ತಿದ ಒಂದು ಚಾಪೆ ತಂದರು. ಇನ್ನೂ ಹಸಿರು ವಾಸನೆ ಹೋಗಿರಲಿಲ್ಲ, ಅಂಚಿಗೆ ಕೆಂಪು ಗರಿ ಸೇರಿಸಿ ನೇಯ್ದಿತ್ತು. ಮಗಳು ಬಂದರೆ ಮಗುವನ್ನು ಮಲಗಿಸಲಿಕ್ಕೆ ಎಂದು ಅವರೇ ಕೂತು ನೇಯ್ದದ್ದಂತೆ.

"ಇದು ಹಾಳಾಗ್ತದೆ ಉಮ್ಮಾ," ಎಂದರು ಐತಪ್ಪಣ್ಣ. "ಸಿಮೆಂಟು ಹಿಡಿದರೆ ಮತ್ತೆ ಯಾವುದಕ್ಕೂ ಬರುದಿಲ್ಲ."

"ಆಗ್ಲಿ. ಮಗಳೇ ಬಾರದಿದ್ದರೆ ಇದನ್ನು ಇಟ್ಟುಕೊಂಡು ನಾನು ಎಂತ ಮಾಡ್ಲಿಕ್ಕುಂಟು?"

ಅಚ್ಚು ಒತ್ತುವುದರಲ್ಲಿ ಹೊತ್ತು ನೋಡುವುದೇ ಕೆಲಸ. ಗಾರೆ ಹಸಿ ಇದ್ದರೆ ಚಾಪೆಗೆ ಅಂಟಿಕೊಂಡು ಎದ್ದುಬರುತ್ತದೆ, ಗಟ್ಟಿಯಾದರೆ ಅಚ್ಚು ಬೀಳುವುದಿಲ್ಲ. ಹೆಬ್ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಏನೂ ಹಿಡಿಯಬಾರದು. ಕಾವಿ ಸೇರಿಸಿದ ಗಾರೆ ತೆಳುವಾಗಿ ಎಳೆದು, ಇಬ್ಬರೂ ಬಾಗಿಲಲ್ಲಿ ಕಾದೆವು, ನಾನು ಕುಕ್ಕರುಗಾಲಲ್ಲಿ. ಐತಪ್ಪಣ್ಣ ಕುಕ್ಕರುಗಾಲಲ್ಲೂ ಕೂರಲಾರದೆ ಒಂದು ಕೈ ಗೋಡೆಗೆ ಕೊಟ್ಟು ಬಗ್ಗಿ ನಿಂತೇ ಇದ್ದರು. ಹದ ಬಂದಾಗ ಚಾಪೆಯನ್ನು ನೀರಲ್ಲಿ ಅದ್ದಿ, ನೇಯ್ಗೆಯ ಗೆರೆ ತೂಬಿನ ಕಡೆಗೆ ಓರೆಯಾಗುವ ಹಾಗೆ ಹಾಸಿ, ಮೇಲೆ ಹಲಗೆ ಇಟ್ಟು ಒತ್ತುತ್ತಾ ಹೋದೆವು. ಮಣೆ ಇಡುವ ಜಾಗದ ಮುಂದೆ, ಏಳುವಾಗ ಹಿಮ್ಮಡಿ ಊರುವ ಕಡೆ, ಐತಪ್ಪಣ್ಣ ಇನ್ನೂ ಒಂದು ಸಲ ಒತ್ತಿದರು. ಆಮೇಲೆ ಒಂದು ಮೂಲೆಯಿಂದ ಮೆಲ್ಲ ಸುಲಿದು ತೆಗೆದೆವು. ನೆಲದ ತುಂಬ ಉಮ್ಮನ ಕೈಯ ನೇಯ್ಗೆ ಬಂದು ಕೂತಿತ್ತು.

ಗಟ್ಟಿಯಾಗಲು ದಿನಗಟ್ಟಲೆ ನೀರು ಉಣಿಸಿದೆವು. ಮತ್ತಾಯಿ ಚೇಟನ ಪಾಠ ಈ ಸಲ ನೆನಪಿತ್ತು. ಬಾಣಂತಿ ನೀರಿನ ಸೊಪ್ಪು ಹಿತ್ತಾಳೆಯ ಮುಚ್ಚಳದ ಸಣ್ಣ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದರ ಮೇಲೆ ದೊಡ್ಡ ತೂತಿನ ತೆಂಗಿನ ಚಿಪ್ಪೊಂದನ್ನು ಕವುಚಿದೆವು. ಸೊಪ್ಪು ತುಂಬಿದರೆ ಎತ್ತಿ ಕೊಡವಲು ಆಯಿಸುವಿಗೆ ಹೇಳಿದೆವು. ಉಮಿ ಎರಚಿ ನೋಡಿದರೆ ನೇಯ್ಗೆಯ ಸಾಲು ಹಿಡಿದುಕೊಂಡು ಕುಣಿಯುತ್ತಾ ಹೋಯಿತು. ಹೊಳಪು ಏನೂ ಇರಲಿಲ್ಲ. ಐತಪ್ಪಣ್ಣ ಅದನ್ನು ನೋಡಿ "ಥೋ" ಎನ್ನಲಿಲ್ಲ.

ಜಮೀಲ ಎರಡನೆಯ ಸಲ ಬಂದಾಗ ದಿನ ತುಂಬುತ್ತಾ ಬಂದು ಹೊಟ್ಟೆ ಕೆಳಗೆ ಇಳಿದಿತ್ತು, ಕಾರಿನಿಂದ ಇಳಿಯಲಿಕ್ಕೇ ಹೊತ್ತು ಹಿಡಿಯಿತು. ಡ್ರೈವರ್ ಕಾರು ಬಂದ ದಾರಿಗೆ ತಿರುಗಿಸಿ ನಿಲ್ಲಿಸಿದ. ಅದನ್ನು ಉಮ್ಮನೂ ನೋಡಿದರು, ನಾವೂ ನೋಡಿದೆವು.

"ಈ ಸಲ ನಾನು ತೋರಿಸ್ಲಿಕ್ಕೆ ಇಲ್ಲ ಮಗಳೇ," ಎಂದರು ಐತಪ್ಪಣ್ಣ.

"ಬೇಡ. ನಾನೇ ನೋಡ್ತೇನೆ. ಎಣ್ಣೆ ಕೊಡಿ."

ಉಮ್ಮ ಜೊತೆಗೆ ಹೋಗಲು ಹೊರಟರೆ ಬೇಡ ಎಂದಳು. ಆಯಿಸುವಿಗೂ ಬೇಡ ಎಂದಳು. ಒಳಗೆ ಹೋದಳು. ನಾನೂ ಐತಪ್ಪಣ್ಣನೂ ಅಂಗಳಕ್ಕೆ ಇಳಿದು ನಿಂತೆವು, ಗಂಡಸರು ಅಲ್ಲಿ ನಿಲ್ಲುವುದು ಸರಿಯಲ್ಲ. ಉಮ್ಮ ಜಗಲಿಯ ಕಂಬಕ್ಕೆ ಒರಗಿದ್ದರು, ಆಯಿಸು ಮೆಟ್ಟಿಲಲ್ಲಿ. ನೀರು ಹೊಯ್ಯುವ ಸದ್ದು ಕೇಳಿಸಿತು. ಮಣೆ ಎಳೆದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಐತಪ್ಪಣ್ಣ ನನ್ನ ತೋಳು ಹಿಡಿದುಕೊಂಡರು. ಮತ್ತೆ ಮಣೆ ಕಿರ್ ಎಂದಿತು. ಎದ್ದಿರಬೇಕು. ಮತ್ತೆ ಸದ್ದು, ಕೂತಿರಬೇಕು. ಮತ್ತೆ ಎದ್ದಳು. ಎಷ್ಟು ಸಲ ಹಾಗೆ ಮಾಡಿದಳೋ ನನಗೆ ತಿಳಿಯದು, ಪ್ರತಿ ಸಲವೂ ಉಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಜಮೀಲ ಹೊರಗೆ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು. ಏನು ಹೇಳುತ್ತಾಳೆಂದು ಎಲ್ಲರೂ ಅವಳ ಬಾಯಿಯನ್ನೇ ನೋಡಿದೆವು. ಅವಳು ಉಮ್ಮನ ಕಡೆ ತಿರುಗಿದಳು.

"ಉಮ್ಮಾ," ಎಂದಳು, "ನನ್ನ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಉಂಟು. ಇಳಿಸ್ಲಿಕ್ಕೆ ಹೇಳಿ."

ಉಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಇಷ್ಟು ದಿನ ಒಂದು ಹನಿ ಕಣ್ಣೀರು ತೋರಿಸದವರು ಮಗಳಿಗೆ ಬೈಯಲು ಶುರು ಮಾಡಿದರು. "ಪೆಟ್ಟಿಗೆ ತಂದದ್ದನ್ನು ಬಂದ ಕೂಡಲೇ ಹೇಳ್ಲಿಕ್ಕೆ ನಿಂಗೆ ಎಂತ? ನಾನು ಇಲ್ಲಿ ಸಾಯುದಾ?" ಎಂದು ಬೈಯುತ್ತಲೇ ಅವಳ ಹೆಗಲಿಗೆ ಮುಖ ಇಟ್ಟು ಜೋರಾಗಿ ಅತ್ತರು. ಜಮೀಲ ಅವರ ಬೆನ್ನು ಸವರುತ್ತಾ, "ಬರ್ಬೇಕಂತಲೇ ತಂದದ್ದು ಉಮ್ಮಾ. ಆಗ್ತದಾ ಇಲ್ವಾ ಅಂತ ಗೊತ್ತಿರ್ಲಿಲ್ಲ" ಎಂದಳು.

ಡ್ರೈವರ್ ಡಿಕ್ಕಿ ತೆಗೆದ. ಅವನು ಕೈ ಹಾಕುವ ಮೊದಲೇ ಐತಪ್ಪಣ್ಣ, ಸೊಂಟದ ನೋವು ಮರೆತು, ಪೆಟ್ಟಿಗೆಯ ಒಂದು ಬದಿ ಹಿಡಿದರು. ಇನ್ನೊಂದು ಬದಿ ನಾನು ಹಿಡಿದೆ. ತಗಡಿನ ದೊಡ್ಡ ಪೆಟ್ಟಿಗೆ. ಎತ್ತುವಾಗಲೇ ಗೊತ್ತಾಯಿತು, ಒಂದು ದಿನ ನೋಡಿ ಹೋಗುವವರ ಪೆಟ್ಟಿಗೆ ಇಷ್ಟು ಭಾರ ಇರುವುದಿಲ್ಲ. ಬಾಣಂತನದ ನಲ್ವತ್ತು ಮುಗಿಯುವ ತನಕ ಬೇಕಾಗುವ ಬಟ್ಟೆ ಎಲ್ಲ ಅದರಲ್ಲಿತ್ತು.